ಡಾಕ್ಟರಿಗೆ ತೊಂಬತ್ತೆರಡು ಮಾರ್ಕು

ಇಳಕಲ್ಲಿನ ನಮ್ಮ ಓಣಿಯ ಮೂಲೆಯಲ್ಲಿ ನನ್ನ ಕಿರಾಣಿ ಅಂಗಡಿ ಇದೆ. ಬೇಳೆ, ಬೆಲ್ಲ, ಸಾಬೂನು, ಊದಿನಕಡ್ಡಿ ಮಾರುತ್ತೇನೆ. ಇದರ ಜೊತೆಗೆ ಮೂವತ್ತು ವರ್ಷದಿಂದ ಇನ್ನೊಂದು ಕೆಲಸವನ್ನೂ ಮಾಡುತ್ತ ಬಂದಿದ್ದೇನೆ, ಅದಕ್ಕೆ ಬೋರ್ಡು ಹಾಕಿಲ್ಲ. ಓಣಿಯ ಯಾವ ಮನೆಯ ಜೊತೆ ಬೀಗತನ ಮಾಡಬೇಕೆಂದರೂ ಹೊರಗಿನವರು ಮೊದಲು ಜಾಫರಸಾಬನ ಅಂಗಡಿಗೆ ಬರಬೇಕು. ಜಾಫರಸಾಬ ಅಂದರೆ ನಾನೇ.

ಹಾಗೆ ಬರುವವರು ತಮ್ಮ ಹೆಸರು ಹೇಳುವುದಿಲ್ಲ, ಬಂದ ಕಾರಣವನ್ನೂ ಹೇಳುವುದಿಲ್ಲ. ಒಂದು ಸೋಡಾ ಒಡೆಸುತ್ತಾರೆ, ಅರ್ಧ ಕುಡಿಯುತ್ತಾರೆ, ಆಮೇಲೆ ಎತ್ತಲೋ ನೋಡುತ್ತ, ಆ ನೀಲಿ ಬಾಗಿಲ ಮನೆಯವರು ಹೇಗೆ ಎಂದು ಕೇಳುತ್ತಾರೆ. ಯಾಕೆ ಎಂದು ನಾನೂ ಕೇಳುವುದಿಲ್ಲ. ಕಾರಣ ಹೇಳದೆ ಒಂದು ಮನೆಯ ಬಗ್ಗೆ ವಿಚಾರಿಸಿದರೆ ನಮ್ಮ ಕಡೆ ಅದಕ್ಕೆ ಕಾರಣ ಒಂದೇ ಇರುತ್ತದೆ, ಅದು ಮದುವೆ. ನನ್ನ ನಿಯಮವೂ ಒಂದೇ: ಸುಳ್ಳು ಹೇಳುವುದಿಲ್ಲ, ಕೇಳದ್ದನ್ನು ಹೇಳುವುದಿಲ್ಲ. ಹುಡುಗ ಕುಡಿಯುತ್ತಾನೆಯೇ ಎಂದರೆ, "ನಮ್ಮ ಅಂಗಡ್ಯಾಗಂತೂ ಸೋಡಾ ಅಷ್ಟ ಕುಡೀತಾನ್ರಿ," ಎನ್ನುತ್ತೇನೆ. ತಿಳಿದುಕೊಳ್ಳುವವರು ತಿಳಿದುಕೊಳ್ಳುತ್ತಾರೆ.

ಈ ವಿದ್ಯೆ ನನ್ನ ಗಲ್ಲಾಪೆಟ್ಟಿಗೆಯ ಹಿಂದೆಯೇ ಇದ್ದಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ನಾನು ಅದನ್ನು ಅಮಾತೆಪ್ಪನಿಗೆ ಕಲಿಸಿದೆ. ಕಲಿಸಿದ್ದು ತಪ್ಪೆಂದು ನನ್ನ ಹೆಂಡತಿ ಲಾಡಬಿ ಈಗಲೂ ಹೇಳುತ್ತಾಳೆ, ನಾನು ಒಪ್ಪುವುದಿಲ್ಲ.

ಅಮಾತೆಪ್ಪ ನನ್ನ ಅಂಗಡಿಯಿಂದ ನಾಲ್ಕನೆಯ ಮನೆಯವನು. ಸೀರೆ ವ್ಯಾಪಾರಿಯೊಬ್ಬರಲ್ಲಿ ಸೀರೆ ಪಾಸು ಮಾಡುವುದು ಅವನ ಕೆಲಸ. ನೇಕಾರರು ತಂದ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿ, ಸೆರಗಿನ ಜೋಡಣೆಯಲ್ಲಿ ಒಂದು ಎಳೆ ತಪ್ಪಿದ್ದರೂ ಹಿಡಿದು ವಾಪಸ್ಸು ಕಳಿಸುತ್ತಾನೆ. ಮೂವತ್ತು ವರ್ಷ ಇದನ್ನೇ ಮಾಡಿದ್ದರಿಂದ ಜಗತ್ತಿನಲ್ಲಿರುವುದನ್ನೆಲ್ಲ ಹೀಗೇ ಬಿಸಿಲಿಗೆ ಹಿಡಿದು ನೋಡಬೇಕೆಂಬ ನಂಬಿಕೆ ಅವನಿಗೆ ಬಂದುಬಿಟ್ಟಿತ್ತು. ಮನೆಗೆ ಒಂದು ಮಿಕ್ಸರ್ ತರಲು ನಾಲ್ಕು ತಿಂಗಳು ವಿಚಾರಿಸಿದ. ತಂದ ಮಿಕ್ಸರ್ ಎರಡು ವಾರದಲ್ಲಿ ಸುಟ್ಟಿತು. ಸುಟ್ಟದ್ದು ಮಿಕ್ಸರೇ ಹೊರತು ತನ್ನ ವಿಚಾರಣೆಯಲ್ಲ ಎಂದು ಅವನು ಓಣಿಗೆಲ್ಲ ತಿಳಿಸಿ ಹೇಳಿದ. ಅವನ ಹೆಂಡತಿ ಗುರುಲಿಂಗವ್ವ ಮತ್ತೆ ಒರಳು ತೊಳೆದುಕೊಂಡಳು.

ಗಂಡಹೆಂಡಿರಿಗೆ ಮಕ್ಕಳಿಲ್ಲ. ಲಾಳ್ಯಾ ಇದ್ದಾನೆ. ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಗುರುಲಿಂಗವ್ವ ನೇಯಲು ಹೋದರೆ ಮಗ್ಗದ ಕುಣಿಯಲ್ಲಿ, ಕಾಲಿಡುವ ಜಾಗದಲ್ಲಿ, ಒಂದು ಕಂದು ನಾಯಿಮರಿ ಬಿದ್ದು ಅಲ್ಲೇ ನಿದ್ದೆ ಹೋಗಿತ್ತು. ಎಬ್ಬಿಸಿದ ಮೇಲೆ ಮುಂಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮುಂಬಾಗಿಲಿಗೆ ಮಗ್ಗದ ಲಾಳಿಯ ಹಾಗೆ ಓಡಾಡತೊಡಗಿತು. ಹೆಸರು ಹಾಗೆ ಬಂತು. ಲಾಳ್ಯಾ ಉಣ್ಣದೆ ಗುರುಲಿಂಗವ್ವ ಉಣ್ಣುವುದಿಲ್ಲ. ನೆರಳು ಬಿಸಿಲು ನೋಡಿ ಅವನ ಗೋಣಿ ಚೀಲವನ್ನು ದಿನಕ್ಕೆ ಮೂರು ಸಲ ಎತ್ತಿ ಹಾಸುತ್ತಾಳೆ.

ಆ ಲಾಳ್ಯಾನ ಕುತ್ತಿಗೆಯ ಮೇಲೆ, ಎಡಗಿವಿಯ ಹಿಂದೆ, ಒಂದು ದಿನ ಗಂಟು ಕಾಣಿಸಿತು. ಕಡಲೆಕಾಳಿನಷ್ಟಿತ್ತು. ಗುರುಲಿಂಗವ್ವನಿಗೆ ಆ ದಿನ ನೇಯುವುದು ಸಾಗಲಿಲ್ಲ. ಹುನಗುಂದದಲ್ಲಿರುವ ತನ್ನ ತಮ್ಮ ಶಂಕರಲಿಂಗನಿಗೆ ಫೋನು ಹಚ್ಚಿದಳು. ಹುನಗುಂದದಲ್ಲಿ ಪದ್ಮಶ್ರೀ ಎಂಬ ಡಾಕ್ಟರಮ್ಮ ನಾಯಿ ಬೆಕ್ಕಿನ ದವಾಖಾನೆ ತೆಗೆದಿದ್ದಾಳೆ, ಕೈಗುಣ ಚೆನ್ನಾಗಿದೆ, ನಾಳೆಯೇ ಕರೆದುಕೊಂಡು ಬಾ ಎಂದು ಅವನು ಹೇಳಿದ. ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಕಥೆ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಹೇಳಿದವನು ಹೆಂಡತಿಯ ತಮ್ಮ. ಶಂಕರಲಿಂಗ ಹೇಳಿದ್ದನ್ನು ಅಮಾತೆಪ್ಪ ಮದುವೆಯಾದಾಗಿನಿಂದ ಒಂದನ್ನೂ ಮಾಡಿದವನಲ್ಲ, ಈಗ ಶುರು ಮಾಡುವ ವಿಚಾರವೂ ಅವನಿಗಿರಲಿಲ್ಲ. ಸಂಜೆ ನನ್ನ ಅಂಗಡಿಗೆ ಬಂದು ಸಕ್ಕರೆ ಮೂಟೆಯ ಮೇಲೆ ಕುಳಿತ. ಫೋನಿನಲ್ಲಿ ದವಾಖಾನೆಗಳ ಹೆಸರಿನ ಮುಂದೆ ಜನ ಚಿಕ್ಕಿ, ಅಂದರೆ ನಕ್ಷತ್ರ, ಹಾಕಿರುವುದನ್ನು ತೋರಿಸಿ, ಈ ಚಿಕ್ಕಿ ಕೊಟ್ಟವರು ಯಾರು, ಅವರ ಊರು ಯಾವುದು, ಡಾಕ್ಟರನ ಬೀಗರೇ ಕೊಟ್ಟಿದ್ದರೆ ಗತಿಯೇನು ಎಂದು ನನ್ನನ್ನು ಕೇಳಿದ. ನನಗೆ ಅಂದು ಗಿರಾಕಿ ಕಡಿಮೆ, ಮಾತು ಹೆಚ್ಚು. "ಮನಷ್ಯಾನ್ನ ತಿಳಕೋಬೇಕಂದ್ರ ಚಿಕ್ಕಿ ಎಣಸಬಾರದು. ಅವನ ಓಣಿಗೆ ಹೋಗಬೇಕು. ಕಟಿಂಗ್ ಅಂಗಡಿ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ. ಈ ಮೂರು ಕಡೆ ಕೇಳಿದರ ಮುಗೀತು," ಎಂದೆ.

ಅಮಾತೆಪ್ಪನ ಕಣ್ಣು ಅಗಲವಾದವು. ಹೇಗೆ ಕೇಳಬೇಕು ಎಂದ. ಎಲ್ಲ ಹೇಳಿಕೊಟ್ಟೆ: ಹೆಸರು ಹೇಳಬಾರದು, ಕಾರಣ ಹೇಳಬಾರದು, ಅರ್ಧ ಸೋಡಾ ಕುಡಿದ ಮೇಲೆಯೇ ಬಾಯಿ ತೆಗೆಯಬೇಕು. ವರ ವಿಚಾರಿಸುವವರು ನನ್ನ ಅಂಗಡಿಯಲ್ಲಿ ಬಿಟ್ಟುಹೋದ ಒಂದು ಬಯೋಡಾಟಾ ಕಾಗದವನ್ನೂ ಮಾದರಿಗೆಂದು ಕೊಟ್ಟೆ. ಅವನು ಒಂದು ನೋಟ್‌ಬುಕ್ ಕೊಂಡ. ಆಮೇಲೆ ನನ್ನ ಕೈ ಹಿಡಿದು ತಕ್ಕಡಿಯ ಮೇಲೆ ಇಟ್ಟು, ಇದು ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿದ. ಡಾಕ್ಟರಿಗೆ ಗೊತ್ತಾದರೆ ಅವನು ಸುಧಾರಿಸಿಕೊಂಡುಬಿಡುತ್ತಾನೆ, ಗುರುಲಿಂಗವ್ವನಿಗೆ ಗೊತ್ತಾದರೆ ಹುನಗುಂದದ ಬಸ್ಸು ಹತ್ತುತ್ತಾಳೆ ಎಂಬುದು ಅವನ ಲೆಕ್ಕ. ತಕ್ಕಡಿಯ ಮೇಲಿನ ಆಣೆ ಅಂದರೆ ಕಿರಾಣಿಯವನಿಗೆ ಸಣ್ಣದಲ್ಲ.

ಮೊದಲ ರವಿವಾರ ಅಲ್ಲಿಯ ಒಬ್ಬ ನಾಯಿ ಡಾಕ್ಟರನ್ನು ವಿಚಾರಿಸಲು ಬಾದಾಮಿಗೆ ಹೋದ. ಹೆಂಡತಿಗೆ ಸೀರೆಯ ಕೆಲಸ ಎಂದು ಹೇಳಿದ. ಅಲ್ಲಿ ಬಾಳೆಹಣ್ಣಿನ ಗಾಡಿಯವನನ್ನು ಮಾತಿಗೆಳೆದು ಎರಡು ಪುಟ ಬರೆದುಕೊಂಡನಂತೆ. ಅಷ್ಟರಲ್ಲಿ ಒಂದು ಮಂಗ ಬಂದು ಬಾಳೆಹಣ್ಣು ಬಿಟ್ಟು ನೋಟ್‌ಬುಕ್ಕನ್ನೇ ಕಿತ್ತುಕೊಂಡು ಗುಡ್ಡ ಹತ್ತಿತು. ದಾಖಲೆ ಇಲ್ಲದ ಮೇಲೆ ಬಾದಾಮಿಯ ಡಾಕ್ಟರನ್ನು ಪರಿಗಣಿಸುವುದು ನ್ಯಾಯವಲ್ಲ ಎಂದು ಅಮಾತೆಪ್ಪ ತೀರ್ಪು ಕೊಟ್ಟ. ನನ್ನ ಅಂಗಡಿಯಲ್ಲಿ ಎರಡನೆಯ ನೋಟ್‌ಬುಕ್ ಕೊಂಡ.

ಎರಡನೆಯ ರವಿವಾರದಿಂದ ಬಾಗಲಕೋಟೆ. ಅಲ್ಲಿ ವಿದ್ಯಾಗಿರಿಯಲ್ಲಿ ನಾಗಲಿಂಗ ಎಂಬ ಪ್ರಾಯದ ಡಾಕ್ಟರು ಮನೆಯ ಮುಂದಿನ ಕೋಣೆಯಲ್ಲೇ ನಾಯಿ ಬೆಕ್ಕಿನ ದವಾಖಾನೆ ನಡೆಸುತ್ತಿದ್ದರು. ಅಮಾತೆಪ್ಪ ಆ ದವಾಖಾನೆಯ ಒಳಗೆ ಹೋಗಲಿಲ್ಲ. ಎದುರಿನ ಕಟಿಂಗ್ ಅಂಗಡಿಗೆ ಹೋಗಿ ಕುಳಿತು, ಕತ್ತರಿಸಲು ಹೆಚ್ಚೇನೂ ಇಲ್ಲದ ತಲೆಯನ್ನು ಒಪ್ಪಿಸಿ, ಕನ್ನಡಿಯಲ್ಲಿ ಎದುರು ಮನೆ ನೋಡುತ್ತ ಶುರು ಮಾಡಿದ. ಆ ಡಾಕ್ಟರು ಕುಡಿಯುತ್ತಾರೆಯೇ? ಗುಟಕಾ ತಿನ್ನುತ್ತಾರೆಯೇ? ಕೈ ನಡುಗುತ್ತದೆಯೇ? ಮನೆ ಸ್ವಂತದ್ದೋ ಬಾಡಿಗೆಯದೋ? ಸಿಟ್ಟು ಹೇಗೆ? ಮನೆಯಲ್ಲಿ ಯಾರು ಯಾರು ಇದ್ದಾರೆ? ತಾಯಿಯ ಸ್ವಭಾವ ಎಂಥದು?

ಇವೆಲ್ಲಕ್ಕೂ ಅವನಲ್ಲಿ ಕಾರಣವಿತ್ತು, ನನಗೆ ಒಂದೊಂದನ್ನೂ ವಿವರಿಸಿದ. ಕೈ ನಡುಗಿದರೆ ಗಂಟು ಕೊಯ್ಯುವುದು ಹೇಗೆ? ಬಾಡಿಗೆ ಮನೆಯಾದರೆ ಹೊಲಿಗೆ ಬಿಚ್ಚುವ ಹೊತ್ತಿಗೆ ಊರು ಬಿಟ್ಟಿದ್ದರೆ? ದವಾಖಾನೆ ಮನೆಯಲ್ಲೇ ಇದೆ, ತಾಯಿ ಒದರುವವಳಾದರೆ ಲಾಳ್ಯಾ ಹೆದರುವುದಿಲ್ಲವೇ? ಕೇಳಿದ ನನಗೇ ಎಲ್ಲವೂ ಸರಿ ಎನ್ನಿಸಿತು. ಆದರೆ ಕಟಿಂಗ್ ಅಂಗಡಿಯವನಿಗೆ ಅವನು ಕಾರಣ ಹೇಳಿರಲಿಲ್ಲ. ಅರವತ್ತರ ಹತ್ತಿರದ ಗೃಹಸ್ಥ, ಇಸ್ತ್ರಿ ಮಾಡಿದ ಅಂಗಿ, ಲಗ್ನವಾಗದ ಡಾಕ್ಟರ ಬಗ್ಗೆ ಇಷ್ಟು ಕೇಳುತ್ತಾನೆಂದರೆ ಕಟಿಂಗ್ ಅಂಗಡಿಯವನು ಇನ್ನೇನು ತಿಳಿದಾನು? ಅವನೂ ನನ್ನಂತೆಯೇ ಈ ವೃತ್ತಿಯಲ್ಲಿ ಹಳಬ. ಕೊನೆಗೆ ಅವನು ಕೇಳಿದ್ದು ಒಂದೇ, ತಮ್ಮದು ಯಾವೂರು, ಏನು ಉದ್ಯೋಗ ಎಂದು. ಹೆಸರು ಹೇಳಬಾರದು ಎಂದು ಕಲಿಸಿದ್ದೆ. ಆದರೆ ಉದ್ಯೋಗದ ಮಾತು ಬಂದರೆ ಅಮಾತೆಪ್ಪನಿಗೆ ತಡೆಯಲಾಗುವುದಿಲ್ಲ. ಇಳಕಲ್ಲಿನಲ್ಲಿ ಸೀರೆ ಪಾಸು ಮಾಡುವ ಅಮಾತೆಪ್ಪ ಎಂದರೆ ಎಲ್ಲರಿಗೂ ಗೊತ್ತು ಎಂದುಬಿಟ್ಟ.

ಮೂರನೆಯ ರವಿವಾರ ವಿದ್ಯಾಗಿರಿಯ ಕಿರಾಣಿಯವನು ಅವನಿಗೆ ಕುರ್ಚಿ ಹಾಕಿಸಿ ಚಹಾ ತರಿಸಿದ. ನಾಲ್ಕನೆಯ ರವಿವಾರ ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸಿಸಲು ನಿಂತಿದ್ದ ಹೆಂಗಸರು ಕೇಳದೆಯೇ ಡಾಕ್ಟರ ಗುಣಗಾನ ಮಾಡಿದರು. ಐದನೆಯ ರವಿವಾರ ಹೋಗುವಷ್ಟರಲ್ಲಿ ಡಾಕ್ಟರ ಮನೆಗೆ ಸುಣ್ಣಬಣ್ಣವಾಗಿ ಬಾಗಿಲಿಗೆ ಹೊಸ ಪರದೆ ಬಂದಿತ್ತು. ಅಮಾತೆಪ್ಪ ಬರೆದುಕೊಂಡ: ಸ್ವಚ್ಛತೆ, ಹತ್ತಕ್ಕೆ ಹತ್ತು. ದವಾಖಾನೆಗೆ ಪ್ರತಿ ಸಲವೂ ಬೀಗ ಬಿದ್ದಿರುತ್ತಿದ್ದುದನ್ನೂ ಅವನು ಬಿಡಲಿಲ್ಲ. ಬೀಗ ದೊಡ್ಡದು, ಔಷಧಿ ಭದ್ರ ಎಂದು ಅದಕ್ಕೂ ಐದು ಮಾರ್ಕು ಕೊಟ್ಟ.

ಇತ್ತ ಲಾಳ್ಯಾನ ಗಂಟು ಕಡಲೆಕಾಳಿನಿಂದ ಅಡಿಕೆಗೆ ಬಂದು, ಅಡಿಕೆಯಿಂದ ಲಿಂಬೆಹಣ್ಣಿಗೆ ಹೊರಟಿತ್ತು. ಲಾಳ್ಯಾ ಓಡುವುದನ್ನು ಬಿಟ್ಟು ಕುತ್ತಿಗೆ ವಾರೆ ಮಾಡಿಕೊಂಡು ಮಗ್ಗದ ಪಕ್ಕ ಮಲಗುತ್ತಿದ್ದ. ಗುರುಲಿಂಗವ್ವ ದಿನಾ ಕೇಳುತ್ತಿದ್ದಳು, ಹುನಗುಂದಕ್ಕೆ ಹೋಗೋಣವೇ ಎಂದು. ಇನ್ನೆಂಟು ದಿನ ತಡಿ ಎಂದು ಇವನು ದಿನಾ ಹೇಳುತ್ತಿದ್ದ.

ಐದನೆಯ ರವಿವಾರವಾದ ಮೇಲಿನ ಬುಧವಾರ ನನ್ನ ಅಂಗಡಿಗೆ ಒಬ್ಬರು ಬಂದರು. ಬಿಳಿ ಅಂಗಿ, ಎರಡು ಮೊಬೈಲು. ಸೋಡಾ ಒಡೆಸಿದರು, ಅರ್ಧ ಕುಡಿದರು, ಫ್ಯಾನು ನೋಡಿದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ತಯಾರಾದೆ. ಸೀರೆ ಪಾಸು ಮಾಡುವ ಅಮಾತೆಪ್ಪನ ಮನೆತನ ಹೇಗೆ ಎಂದು ಕೇಳಿದರು. ಬಂಗಾರದಂಥದು ಎಂದೆ. ಹೆಣ್ಣುಮಗಳು? ಯಾರು, ಗುರುಲಿಂಗವ್ವನೇ ಎಂದೆ. ಅಲ್ಲ, ಮಗಳು ಎಂದರು. ನಿಯಮದಂತೆ ಉತ್ತರ ಕೊಟ್ಟೆ: "ಅವರಿಗೆ ಮಕ್ಕಳ ಇಲ್ರಿ." ಅಣ್ಣತಮ್ಮಂದಿರ ಮಗಳು? ಅವನಿಗೆ ಅಣ್ಣತಮ್ಮಂದಿರಿಲ್ಲ ಎಂದೆ. ಅಕ್ಕತಂಗಿಯರ ಮಗಳು? ಅವರೂ ಇಲ್ಲ ಎಂದೆ.

ಅವರು ಬಾಟಲಿ ಕೆಳಗಿಟ್ಟರು. "ಹಂಗಾರ ನಾಕ ರವಿವಾರ ಬಾಗಲಕೋಟಿಗೆ ಬಂದು ನಮ್ಮ ಅಕ್ಕನ ಮಗ ಡಾಕ್ಟರ ನಾಗಲಿಂಗನ್ನ ವಿಚಾರಸ್ಯಾರಲ್ರಿ, ಅದು ಯಾರಿಗೆ?"

ಆಗ ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ನಾಯಿಗೆ ಎಂದು ಹೇಳಲು ಬಾಯಿ ತೆಗೆದೆ. ಎದುರಿಗೆ ತಕ್ಕಡಿ ಕಂಡಿತು. ಆಣೆ ನೆನಪಾಗಿ ಬಾಯಿ ಮುಚ್ಚಿದೆ. ಇಡೀ ಕಥೆ ಕೆಟ್ಟದ್ದು ಆ ಒಂದು ನಿಮಿಷದ ನನ್ನ ಮೌನದಿಂದ, ಏಕೆಂದರೆ ಪಕ್ಕದಲ್ಲಿ ಅರ್ಧ ಕಿಲೋ ರವೆ ಕೊಳ್ಳಲು ಕಾಸಿಂಬಿ ನಿಂತಿದ್ದಳು. ಕಾಸಿಂಬಿ ನಮ್ಮ ಓಣಿಯ ಹಿರಿಯಳು, ಯಾರ ಮನೆಯ ಸುದ್ದಿಯೂ ಅವಳನ್ನು ದಾಟಿ ಹೋಗುವುದಿಲ್ಲ. ಬಂದವರು ಅರ್ಧ ಸೋಡಾ ಬಿಟ್ಟು ಹೋದರು. ಕಾಸಿಂಬಿ ರವೆಯನ್ನೇ ಬಿಟ್ಟು ಹೋದಳು.

ಮಗಳಿಲ್ಲದವನು ನಾಲ್ಕು ರವಿವಾರ ಬಾಗಲಕೋಟೆಯಲ್ಲಿ ವರ ನೋಡಿದ್ದಾನೆ, ಅದೂ ಹೆಂಡತಿಗೆ ಸೀರೆಯ ಕೆಲಸ ಎಂದು ಹೇಳಿ. ಓಣಿ ಇದನ್ನು ಲೆಕ್ಕ ಹಾಕಲು ಹತ್ತು ನಿಮಿಷ ಸಾಕಾಯಿತು. ಮಗಳಿದ್ದಾಳೆ, ಇಲ್ಲಿಲ್ಲ, ಅಲ್ಲಿದ್ದಾಳೆ. ಮಗಳಿದ್ದ ಮೇಲೆ ಅವಳ ತಾಯಿಯೂ ಇದ್ದಾಳೆ. ಮೂರು ಗಂಟೆಗೆ ಆ ಹುಡುಗಿಗೆ ಇಪ್ಪತ್ತನಾಲ್ಕು ವರ್ಷವಾಗಿತ್ತು. ನಾಲ್ಕಕ್ಕೆ ಬಿ.ಎಡ್. ಮುಗಿಸಿದ್ದಳು. ಐದಕ್ಕೆ, ಬಾಗಲಕೋಟೆಯ ನವನಗರದಲ್ಲಿ ಅಮಾತೆಪ್ಪನ ಮೂಗಿರುವ ಹುಡುಗಿಯೊಬ್ಬಳು ಸ್ಕೂಟಿಯ ಮೇಲೆ ಹೋಗುವುದನ್ನು ಕಂಡವರು ಇಬ್ಬರು ಸಿಕ್ಕಿದರು. ಅಂಚೆಯವನು ಮಾತ್ರ, ಅಂಥ ಸಂಸಾರವಿದ್ದರೆ ಪತ್ರ ಬರಬೇಕಿತ್ತಲ್ಲ ಎಂದು ಅನುಮಾನಿಸಿದ. ಈಗ ಪತ್ರ ಯಾರು ಬರೆಯುತ್ತಾರೆ ಎಂದು ಕಾಸಿಂಬಿ ಅವನ ಬಾಯಿ ಮುಚ್ಚಿಸಿದಳು.

ಆರಕ್ಕೆ ಗುರುಲಿಂಗವ್ವನ ಮಗ್ಗದ ಸದ್ದು ನಿಂತಿತು. ಲಾಡಬಿ ಓಡಿದಳು, ಹಿಂದೆ ನಾನೂ ಹೋದೆ. ಗುರುಲಿಂಗವ್ವ ಅಳುತ್ತಿರಲಿಲ್ಲ. ಕುಣಿಯ ಅಂಚಿಗೆ ಕುಳಿತು ಲಾಳ್ಯಾನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಇನ್ನೊಂದು ಲಗ್ನಾ ಆಗ್ರಿ ಅಂತ ನಾನ ಒಂದು ದಿನಾ ಅಂದಿದ್ದೆ ಲಾಡಬಿ. ಬ್ಯಾಡ ಅಂದ್ರು. ನನಗ ನೀ ಸಾಕು ಅಂದ್ರು. ಅದನ್ನ ನಂಬಿ ಇಷ್ಟ ವರ್ಷ ಬಾಳೇವ ಮಾಡೀನಿ," ಎಂದಳು. ತಕ್ಕಡಿಯ ಆಣೆಗೆ ಬೆಂಕಿ ಬೀಳಲಿ ಎಂದು ಎಲ್ಲವನ್ನೂ ಹೇಳಿಬಿಟ್ಟೆ: ಗಂಟು, ಚಿಕ್ಕಿ, ಕಟಿಂಗ್ ಅಂಗಡಿ, ಮಂಗ, ಮಾರ್ಕು.

ಇಬ್ಬರೂ ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯುವುದಿಲ್ಲ. "ನಾಯಿ ಡಾಕ್ಟರ ಸಲುವಾಗಿ ಯಾರರ ಅವರವ್ವನ ಸ್ವಭಾವ ಕೇಳ್ತಾರೇನ್ರಿ?" ಎಂದಳು ಲಾಡಬಿ. ಮೂವತ್ತು ವರ್ಷ ಸುಳ್ಳು ಹೇಳದೆ ಗಳಿಸಿದ ಹೆಸರು ನನ್ನದು, ನಾನು ಹೇಳಿದ ಖರೇ ಮಾತನ್ನು ನನ್ನ ಹೆಂಡತಿಯೇ ನಂಬಲಿಲ್ಲ. ಗಂಡಸರೆಲ್ಲ ಒಂದೇ ಎಂದು ಅಂದಿನಿಂದ ನನಗೆ ಬರೀ ತಣ್ಣನೆಯ ರೊಟ್ಟಿ ಹಾಕಿದಳು.

ಅಮಾತೆಪ್ಪನನ್ನು ದಾರಿಯಲ್ಲೇ ಹಿಡಿದು ವಿಷಯ ತಿಳಿಸಿದೆ. ಅವನು ಗಾಬರಿಯಾಗುತ್ತಾನೆ ಎಂದುಕೊಂಡಿದ್ದೆ, ನಕ್ಕುಬಿಟ್ಟ. "ಒಂದು ಮಿಕ್ಸರ್ ತರಾಕ ನಾಕ ತಿಂಗಳ ಮಾಡಾಂವ ನಾ. ಇನ್ನೊಂದು ಸಂಸಾರ ಯಾವಾಗ ಮಾಡ್ಲಿ? ಗುರುಲಿಂಗವ್ವಗ ಇದು ಗೊತ್ತೈತಿ, ಆಕಿ ನಂಬಂಗಿಲ್ಲ," ಎಂದ. ನನಗೂ ಇದು ಬಲವಾದ ವಾದ ಎನ್ನಿಸಿತು. ಈಗ ಅರ್ಧ ಹೇಳಿದರೆ ಕೆಡುತ್ತದೆ, ರವಿವಾರ ಫಲಿತಾಂಶದ ಜೊತೆಗೆ ಎಲ್ಲ ಹೇಳುತ್ತೇನೆ ಎಂದು ಮನೆಗೆ ಹೋದ. ಹೋಗಿ ಹೆಂಡತಿಗೆ ಹೇಳಿದ್ದೇನು? ರವಿವಾರ ಒಂದು ಸುದ್ದಿ ಹೇಳುತ್ತೇನೆ, ಕೇಳಿದರೆ ನಿನ್ನ ಮನಸ್ಸು ಹಗುರಾಗುತ್ತದೆ ಎಂದ. ಅವಳು ಒಳಗೆ ಹೋಗಿ ಟ್ರಂಕು ಹೊರಗೆ ತೆಗೆದಳು. ಟ್ರಂಕಿಗೆ ನುಸಿಗುಳಿಗೆ ಹಾಕುತ್ತಾಳೆಂದು ಇವನು ತಿಳಿದುಕೊಂಡ.

ರವಿವಾರ ಹತ್ತು ಗಂಟೆಗೆ ಹುನಗುಂದದಿಂದ ಶಂಕರಲಿಂಗ ಸರಕಿನ ಸಣ್ಣ ಗಾಡಿ ತಂದು ಅಕ್ಕನ ಬಾಗಿಲಿಗೆ ನಿಲ್ಲಿಸಿದ. ಟ್ರಂಕು ಏರಿತು. ಹಾಸಿಗೆ ಸುರುಳಿ ಏರಿತು. ಲಾಳ್ಯಾನ ಗೋಣಿ ಚೀಲವೂ ಏರಿತು. ಲಾಳ್ಯಾ ಏರಲಿಲ್ಲ. ಅವನನ್ನು ಎತ್ತಿದರೆ ಗಂಟಿಗೆ ಕೈ ತಾಕಿ ಕುಂಯ್‌ಗುಡುತ್ತಿದ್ದ, ಗುರುಲಿಂಗವ್ವ ಎತ್ತಗೊಡಲಿಲ್ಲ. ಓಣಿಯಲ್ಲಿ ಆಗ ಮನೆಯೊಳಗೆ ಇದ್ದವರು ಯಾರೂ ಇಲ್ಲ. ಅಮಾತೆಪ್ಪ ಮಾತ್ರ ಒಳಗೆ ಕುಳಿತು ಮಾರ್ಕುಗಳನ್ನು ಕೂಡಿಸುತ್ತಿದ್ದ.

ಅಷ್ಟರಲ್ಲಿ ಬಾಗಲಕೋಟೆಯ ಕಾರು ಬಂತು. ಸೋಡಾ ಬಿಟ್ಟುಹೋದ ಮಾವ ಇಳಿದರು. ಡಾಕ್ಟರ ತಾಯಿ ಇಳಿದರು. ಕಾರು ನಡೆಸುತ್ತಿದ್ದ ಹುಡುಗ ಮುಖ ಮುಚ್ಚಿಕೊಳ್ಳುವ ಹಾಗೆ ಸ್ಟೇರಿಂಗಿನ ಮೇಲೆ ಬಾಗಿ ಕುಳಿತ, ಅವರೇ ಡಾಕ್ಟರ ನಾಗಲಿಂಗ. ತಾಯಿ ಕಟ್ಟೆಯ ಮುಂದೆ ನಿಂತು ಅಮಾತೆಪ್ಪನನ್ನು ಹೊರಗೆ ಕರೆಸಿದರು. ಒಂದು ತಿಂಗಳಿನಿಂದ ಕಟಿಂಗ್ ಅಂಗಡಿಯವನು, ಗಿರಣಿಯವರು, ನೆರೆಮನೆಯವರು ಎಲ್ಲರೂ ತಾರೀಕು ಯಾವಾಗ ಎಂದು ಕೇಳುತ್ತಿದ್ದಾರೆ, ಇದನ್ನು ನಂಬಿ ಮನೆಗೆ ಬಣ್ಣ ಹಚ್ಚಿಸಿದೆ, ಈಗ ನೋಡಿದರೆ ಮಗಳೇ ಇಲ್ಲವಂತೆ ಎಂದರು. "ನನ್ನ ಸ್ವಭಾವ ಹ್ಯಾಂಗ ಅಂತ ಗಿರಣ್ಯಾಗ ಕೇಳೀರಿ. ಈಗ ನಾ ಕೇಳ್ತೇನಿ ಹೇಳ್ರಿ. ಯಾರ ಸಲುವಾಗಿ ನೋಡೀರಿ ನನ್ನ ಮಗನ್ನ?"

ಗುರುಲಿಂಗವ್ವ ಗಾಡಿಯ ಪಕ್ಕ ನಿಂತಿದ್ದಳು. ಅವಳಿಗೂ ಬೇಕಾಗಿದ್ದದ್ದು ಅದೇ ಪ್ರಶ್ನೆ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಂಡನನ್ನೇ ನೋಡಿದಳು.

ಅಮಾತೆಪ್ಪ ಕನ್ನಡಕ ಏರಿಸಿಕೊಂಡ. ಇಷ್ಟು ಜನ ತನ್ನ ಫಲಿತಾಂಶ ಕೇಳಲು ಸೇರಿದ್ದಾರೆ ಎಂಬ ಸಮಾಧಾನ ಅವನ ಮುಖದ ಮೇಲೆ ಎದ್ದು ಕಾಣುತ್ತಿತ್ತು. ನೋಟ್‌ಬುಕ್ ತೆಗೆದು ಗಟ್ಟಿಯಾಗಿ ಓದಿದ: ಕುಡಿತ ಇಲ್ಲ, ಹದಿನೈದು. ಕೈ ನಡುಕ ಇಲ್ಲ, ಇಪ್ಪತ್ತು. ಸ್ವಂತ ಮನೆ, ಹತ್ತು. ಸಿಟ್ಟು ಕಡಿಮೆ, ಇಪ್ಪತ್ತಕ್ಕೆ ಹದಿನೆಂಟು. ತಾಯಿ ಮಾತು ಬಿರುಸು, ಮನಸ್ಸು ಮೆತ್ತಗೆ, ಇಪ್ಪತ್ತಕ್ಕೆ ಹದಿನಾಲ್ಕು. ಸ್ವಚ್ಛತೆ ಹತ್ತು, ಬೀಗ ಐದು. ಒಟ್ಟು ನೂರಕ್ಕೆ ತೊಂಬತ್ತೆರಡು. ಉತ್ತಮ ದರ್ಜೆಯಲ್ಲಿ ಪಾಸು. ಹಾಗೆಂದು ನೋಟ್‌ಬುಕ್ ಮಡಿಚಿ, ಗಾಡಿಯ ಗಾಲಿಯ ಪಕ್ಕ ಕುತ್ತಿಗೆ ವಾರೆ ಮಾಡಿಕೊಂಡು ಮಲಗಿದ್ದ ಲಾಳ್ಯಾನತ್ತ ಕೈ ತೋರಿಸಿದ. "ಇವನ ಸಲುವಾಗಿ ನೋಡೀನ್ರಿ. ಕೊಳ್ಳಾಗ ಗಂಟಾಗೇತಿ."

ಮೊದಲು ನಕ್ಕವರು ಡಾಕ್ಟರು. ಕಾರಿನ ಬಾಗಿಲು ತೆಗೆದು ಹೊರಗೆ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಲಾಳ್ಯಾನ ಕುತ್ತಿಗೆ ಅವರ ಕಣ್ಣಿಗೆ ಬಿತ್ತು. ನಗು ನಿಂತಿತು. ನೆಲದ ಮೇಲೆ ಮಂಡಿಯೂರಿ ಗಂಟನ್ನು ಸುತ್ತ ಮುಟ್ಟಿ ನೋಡಿ, ಎಷ್ಟು ದಿನವಾಯಿತು ಎಂದು ಕೇಳಿದರು. ಐದಾರು ವಾರ ಎಂದ ಅಮಾತೆಪ್ಪ. ಆಗ ಡಾಕ್ಟರಿಗೆ ಸಿಟ್ಟು ಬಂತು. "ನಾಕ ಸಲ ಮನೀ ಮುಂದ ಬಂದೀರಿ. ಒಂದ ಸಲ ಒಳಗ ಬರಾಕ ಏನಾಗಿತ್ರಿ? ನಾಯಿ ತರಾಕ ಏನಾಗಿತ್ತು? ರವಿವಾರ ರಜಾ ಅಂತ ಬೋರ್ಡಿನ ಮ್ಯಾಲ ಬರದೈತಿ, ಬರೇ ರವಿವಾರ ಬಂದೀರಿ."

ಸಿಟ್ಟು ಕಡಿಮೆ ಎಂಬ ಹದಿನೆಂಟು ಮಾರ್ಕಿನಲ್ಲಿ ಕೆಲವನ್ನು ಕಳೆಯಬೇಕೋ ಏನೋ ಎಂದು ಅಮಾತೆಪ್ಪ ಪೆನ್ನು ತೆಗೆಯಹೋದ. ನಾನು ಅವನ ಕೈ ಹಿಡಿದೆ.

ಡಾಕ್ಟರು ಕಾರಿನಿಂದ ಪೆಟ್ಟಿಗೆ ತರಿಸಿದರು, ಬಿಸಿನೀರು ಕೇಳಿದರು. ಗುರುಲಿಂಗವ್ವ ಕೆಳಗೆ ಕುಳಿತು ಲಾಳ್ಯಾನ ತಲೆ ಹಿಡಿದಳು. ಹಿಂಗಾಲು ಹಿಡಿಯಲು ಯಾರು ಎಂದು ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಡಾಕ್ಟರ ತಾಯಿ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಹಿಡಿದರು. ಮರಗಟ್ಟಿಸುವ ಸೂಜಿ ಕೊಟ್ಟು, ಗಂಟನ್ನು ಕೊಯ್ದು, ಕೀವು ತೆಗೆದು ತೊಳೆದರೆ ಒಳಗಿಂದ ಅರ್ಧ ಬೆರಳುದ್ದದ ಜಾಲಿಯ ಮುಳ್ಳು ಬಂತು. ಇನ್ನೊಂದು ವಾರ ಬಿಟ್ಟಿದ್ದರೆ ನಂಜು ರಕ್ತಕ್ಕೆ ಸೇರುತ್ತಿತ್ತು, ನಾಯಿ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅಮಾತೆಪ್ಪ ನೋಟ್‌ಬುಕ್ಕನ್ನು ಕಟ್ಟೆಯ ಮೇಲೆ ಇಟ್ಟ. ಕೆಳಗೆ ಕುಳಿತು ಲಾಳ್ಯಾನ ಬೆನ್ನ ಮೇಲೆ ಕೈ ಇಟ್ಟ.

ಬ್ಯಾಂಡೇಜು ಕಟ್ಟಿದ ಮೇಲೆ ಡಾಕ್ಟರು ಮಾತ್ರೆ ಬರೆದುಕೊಟ್ಟು, ಎರಡು ದಿನಕ್ಕೊಮ್ಮೆ ಗಾಯ ತೊಳೆಸಬೇಕು ಎಂದರು. ಅಮಾತೆಪ್ಪನಿಗೆ ಜೀವ ಬಂತು. ವಿದ್ಯಾಗಿರಿಗೆ ತಾನೇ ಕರೆದುಕೊಂಡು ಬರುತ್ತೇನೆ, ಈ ಸಲ ಒಳಗೆ ಬರುತ್ತೇನೆ ಎಂದ. ಡಾಕ್ಟರು ಕೈ ಮುಗಿದರು. ಅಷ್ಟು ದೂರ ಬರುವುದು ಬೇಡ, ಹುನಗುಂದದಲ್ಲಿ ಪದ್ಮಶ್ರೀ ಅಂತ ಇದ್ದಾರೆ, ಕಾಲೇಜಿನಲ್ಲಿ ನನ್ನ ಜೊತೆ ಓದಿದವರು, ಕೊಯ್ಯುವ ಕೆಲಸದಲ್ಲಿ ನನಗಿಂತ ಜಾಣರು, ನನಗೆ ತಿಳಿಯದ್ದನ್ನು ನಾನೇ ಅವರಿಗೆ ಫೋನು ಮಾಡಿ ಕೇಳುತ್ತೇನೆ ಎಂದರು. ಹೇಳುವಾಗ ಅವರ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಅವರ ತಾಯಿಯೂ ಕಂಡರು. ಹೋಗುವ ಮುಂದೆ ಆ ತಾಯಿ ಶಂಕರಲಿಂಗನನ್ನು ಪಕ್ಕಕ್ಕೆ ಕರೆದು, ಆ ಡಾಕ್ಟರಮ್ಮನ ಓಣಿಯಲ್ಲಿ ಕಿರಾಣಿ ಅಂಗಡಿ ಯಾವ ಕಡೆಗಿದೆ ಎಂದು ಮೆಲ್ಲಗೆ ಕೇಳಿಕೊಂಡರು.

ಶಂಕರಲಿಂಗ ಭಾವನ ಎದುರು ನಿಂತು, ಐದು ವಾರದ ಹಿಂದೆ ನಾನು ಯಾರ ಹೆಸರು ಹೇಳಿದ್ದೆ ಎಂದು ಕೇಳಿದ. ಅಮಾತೆಪ್ಪ ಗಂಭೀರವಾಗಿ, ನೀನು ಹೇಳಿದ್ದು ಬರೀ ಅಂದಾಜಿನ ಮೇಲೆ, ಈಗ ಅದು ಉತ್ತಮ ದರ್ಜೆಯ ಡಾಕ್ಟರಿಂದ ಸಾಬೀತಾಯಿತು ಎಂದು ಅವನಿಗೆ ತಿಳಿಸಿ ಹೇಳಿದ. ಶಂಕರಲಿಂಗ ಗಾಡಿಯಿಂದ ಟ್ರಂಕು ಇಳಿಸಿದ.

ಗುರುಲಿಂಗವ್ವ ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲಿದ್ದ ನೋಟ್‌ಬುಕ್ ತೆಗೆದುಕೊಂಡಳು. ಮೊದಲ ಪುಟದಲ್ಲೇ ಬಹಳ ಹೊತ್ತು ನಿಂತಳು. ಆಮೇಲೆ ಗಂಡನನ್ನು ನೋಡಿದಳು. "ಮಗಳ ಹುಟ್ಟಿದ್ರ ಹಿಂಗ ವಿಚಾರಸ್ತಿದ್ರೇನು?" ಎಂದಳು.

"ಇದರ ಎರಡ ಪಟ್ಟು," ಎಂದ ಅಮಾತೆಪ್ಪ.

"ಹಂಗಾದ್ರ ಆಕಿ ಮನ್ಯಾಗ ಮುದಿಕಿ ಆಗ್ತಿದ್ಲು," ಎಂದು ಗುರುಲಿಂಗವ್ವ ನಕ್ಕಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು. ಲಾಡಬಿ ಅಂದು ಮಧ್ಯಾಹ್ನ ನನಗೆ ಬಿಸಿ ರೊಟ್ಟಿ ಹಾಕಿದಳು.

ಈಗ ಎರಡು ದಿನಕ್ಕೊಮ್ಮೆ ಗುರುಲಿಂಗವ್ವನೇ ಲಾಳ್ಯಾನನ್ನು ಹುನಗುಂದಕ್ಕೆ ಕರೆದುಕೊಂಡು ಹೋಗಿ ಬರುತ್ತಾಳೆ. ಅಮಾತೆಪ್ಪನಿಗೆ ಸಮಾಧಾನವಿಲ್ಲ. ಪದ್ಮಶ್ರೀ ಡಾಕ್ಟರಮ್ಮನನ್ನು ಇನ್ನೂ ಯಾರೂ ವಿಚಾರಿಸಿಲ್ಲ, ನೋಟ್‌ಬುಕ್ಕಿನಲ್ಲಿ ಅರ್ಧ ಪುಟಗಳು ಖಾಲಿ ಇವೆ, ಕೊಡು ಎಂದು ದಿನಾ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅದನ್ನು ಟ್ರಂಕಿನಲ್ಲಿ, ತನ್ನ ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟು ಬೀಗ ಹಾಕಿದ್ದಾಳೆ. ಅದರಲ್ಲಿ ಅಂಥದೇನಿದೆ ಎಂದು ನಾನು ಲಾಡಬಿಯನ್ನು ಕೇಳಿದೆ. ಅವಳು ಮೊದಲ ಪುಟ ನೋಡಿದ್ದಳು. ನಾನು ಕೊಟ್ಟ ಬಯೋಡಾಟಾದ ಮಾದರಿಯಲ್ಲೇ ಅಮಾತೆಪ್ಪ ಅಲ್ಲಿ ದುಂಡಗೆ ಬರೆದಿದ್ದನಂತೆ. ಹೆಸರು: ಲಾಳ್ಯಾ. ವಯಸ್ಸು: ನಾಲ್ಕು. ತಂದೆ: ಅಮಾತೆಪ್ಪ. ತಾಯಿ: ಗುರುಲಿಂಗವ್ವ.